ಜಠರದ ಜಿಸ್ಟ್ ಗಡ್ಡೆ: ರೋಗಿಗಳೂ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೊಟ್ಟೆಯ ಆಪರೇಷನ್ ಮಾಡುವ ವೈದ್ಯ. ಓಪಿಡಿಯಲ್ಲಿ, ವಾರ್ಡಿನ ಹೊರಗಿನ ಬೆಂಚಿನ ಮೇಲೆ, ಪತ್ರಗಳಲ್ಲಿ, ಫೋನಿನ ಸಂದೇಶಗಳಲ್ಲಿ ಜನ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಜಠರದಲ್ಲಿ ಬರುವ ಅಪರೂಪದ ಗಡ್ಡೆಗಳಲ್ಲಿ ಜಿಸ್ಟ್ ಎಂಬುದರ ಬಗ್ಗೆಯೇ ಹೆಚ್ಚು ಬರೆದಿದ್ದೇನೆ. ಗಡ್ಡೆಯ ಹೆಸರು ಸರಿಯಾಗಿ ಗೊತ್ತಾದರೆ ಇದರಷ್ಟು ಚೆನ್ನಾಗಿ ಚಿಕಿತ್ಸೆಗೆ ಬಗ್ಗುವ ಕಾಯಿಲೆ ಕಡಿಮೆ. ಹೆಸರು ತಪ್ಪಿದರೆ ಆಗುವ ನಷ್ಟವೂ ದೊಡ್ಡದು. ನಿಮ್ಮ ವೈದ್ಯರ ಸಲಹೆಯ ಜಾಗದಲ್ಲಿ ಇದನ್ನು ಇಟ್ಟುಕೊಳ್ಳಬೇಡಿ. ಅವರ ಮುಂದೆ ಕೂತಾಗ ಏನು ಕೇಳಬೇಕು ಎಂದು ಗೊತ್ತಾಗಲಿ ಎಂದು ಬರೆದಿದ್ದೇನೆ.

## ಮೊದಮೊದಲ ಪ್ರಶ್ನೆಗಳು

ರಿಪೋರ್ಟಲ್ಲಿ "ಜಿಸ್ಟ್" ಅಂತ ಇದೆ. ಹಾಗಂದ್ರೇನು ಡಾಕ್ಟ್ರೇ?

ಗ್ಯಾಸ್ಟ್ರೋಇಂಟೆಸ್ಟೈನಲ್ ಸ್ಟ್ರೋಮಲ್ ಟ್ಯೂಮರ್ ಎಂಬ ಉದ್ದನೆಯ ಹೆಸರಿನ ಗಿಡ್ಡ ರೂಪ ಜಿಸ್ಟ್. ನಾವು ಸಾಮಾನ್ಯವಾಗಿ ಕೇಳುವ ಜಠರದ ಕ್ಯಾನ್ಸರ್ ಹುಟ್ಟುವುದು ಒಳಪದರದಲ್ಲಿ, ಅಂದರೆ ಊಟ ತಾಗುವ ಆ ಮೃದುವಾದ ಗುಲಾಬಿ ಪೊರೆಯಲ್ಲಿ. ಜಿಸ್ಟ್ ಹುಟ್ಟುವುದು ಅದರ ಕೆಳಗೆ, ಜಠರದ ಮಾಂಸದ ಗೋಡೆಯಲ್ಲಿ. ಆ ಗೋಡೆಯೊಳಗೆ ಕಾಹಾಲ್ ಕೋಶಗಳು ಎಂಬ ಜೀವಕೋಶಗಳಿವೆ. ಸ್ಪೇನ್ ದೇಶದ ಸ್ಯಾಂಟಿಯಾಗೊ ರಮೋನ್ ಇ ಕಾಹಾಲ್ ಅವುಗಳನ್ನು ಗುರುತಿಸಿದವರು. ನರಮಂಡಲದ ರಚನೆಯ ಮೇಲಿನ ಕೆಲಸಕ್ಕೆ 1906ರಲ್ಲಿ ನೊಬೆಲ್ ಪಡೆದವರೂ ಅವರೇ. ಜಠರ ನಿಮಿಷಕ್ಕೆ ಸುಮಾರು ಮೂರು ಸಲ ಅಲೆಯಂತೆ ಹಿಂಡಿಕೊಳ್ಳುತ್ತದಲ್ಲ, ಅದಕ್ಕೆ ತಾಳ ಹಾಕುವುದು ಈ ಕೋಶಗಳು. ಅವುಗಳಲ್ಲಿ ಒಂದು ಹದ ತಪ್ಪಿ ಬೆಳೆಯತೊಡಗಿದರೆ ಆಗುವ ಗಡ್ಡೆ ಜಿಸ್ಟ್.

ಇದು ಕ್ಯಾನ್ಸರಾ, ಅಲ್ವಾ? ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಿನಲ್ಲಿ ಹೇಳಲು ಆಗುವುದಿಲ್ಲ. ಕೆಲವು ಜಿಸ್ಟ್‌ಗಳು ಕಡಲೆಕಾಳಿನ ಗಾತ್ರದಲ್ಲೇ ಜೀವಮಾನವಿಡೀ ಕೂತಿರುತ್ತವೆ. ಜಪಾನಿನಲ್ಲಿ ಬೇರೆ ಕಾರಣಕ್ಕೆ ತೆಗೆದ 100 ಜಠರಗಳನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ 35ರಲ್ಲಿ ಇಂಥ ಸಣ್ಣ ಗಡ್ಡೆಗಳು ಸಿಕ್ಕವು. ಅವುಗಳಿಂದ ಯಾರಿಗೂ ಏನೂ ಆಗಿರಲಿಲ್ಲ. ಇನ್ನು ಕೆಲವು ಲಿವರ್‌ಗೆ, ಹೊಟ್ಟೆಯ ಪೊರೆಗೆ ಹರಡಿ ಪ್ರಾಣಕ್ಕೆ ಕುತ್ತು ತರುತ್ತವೆ. ಹಾಗಾಗಿ ನಾವು "ಕ್ಯಾನ್ಸರ್ ಹೌದೋ ಅಲ್ಲವೋ" ಎಂದು ವಿಂಗಡಿಸುವ ಬದಲು "ಹರಡುವ ಅಪಾಯ ಎಷ್ಟು" ಎಂದು ಅಳೆಯುತ್ತೇವೆ. ಹೇಗೆ ಅಳೆಯುತ್ತೇವೆ ಎಂಬುದನ್ನು ಮುಂದೆ ಹೇಳಿದ್ದೇನೆ.

ಎಷ್ಟು ಜನಕ್ಕೆ ಬರುತ್ತೆ ಇದು? ನಮ್ಮ ಕಡೆ ಯಾರೂ ಇದರ ಹೆಸರೇ ಕೇಳಿಲ್ಲ.

ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು 10ರಿಂದ 15 ಮಂದಿಗೆ. ಹೆಚ್ಚಿನವರು 60ರ ಆಸುಪಾಸಿನವರು. ಗಂಡಸರು, ಹೆಂಗಸರು ಎಂಬ ದೊಡ್ಡ ವ್ಯತ್ಯಾಸವಿಲ್ಲ. ಹತ್ತರಲ್ಲಿ ಆರು ಜಿಸ್ಟ್‌ಗಳು ಜಠರದಲ್ಲೇ ಇರುತ್ತವೆ, ಸುಮಾರು ಮೂರು ಸಣ್ಣ ಕರುಳಿನಲ್ಲಿ. ಉಳಿದವು ಅಲ್ಲಲ್ಲಿ.

ಖಾರ ಜಾಸ್ತಿ ತಿಂದಿದ್ದಕ್ಕೆ ಬಂತಾ? ಮಧ್ಯಾಹ್ನದ ಊಟ ಬಿಡ್ತಿದ್ದೆ, ಅದಕ್ಕಾ?

ಅಲ್ಲ. ಖಾರ, ಕಾಫಿ, ಊಟ ಬಿಟ್ಟದ್ದು, ಟೆನ್ಷನ್ ಇವು ಯಾವುವೂ ಜಿಸ್ಟ್‌ಗೆ ಕಾರಣವಲ್ಲ. ಅಲ್ಸರ್ ತರುವ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಕೂಡ ಇದಕ್ಕೆ ಕಾರಣವಲ್ಲ. ಒಂದು ಜೀವಕೋಶದ ಒಂದು ಜೀನ್‌ನಲ್ಲಿ ತನ್ನಷ್ಟಕ್ಕೆ ಆದ ಬದಲಾವಣೆ ಇದು. "ನಾನೇ ಸರಿಯಾಗಿ ಅಡಿಗೆ ಮಾಡಿ ಹಾಕಲಿಲ್ಲ" ಎಂದು ಕಣ್ಣೊರೆಸಿಕೊಂಡ ಹೆಂಡತಿಯರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ದಯವಿಟ್ಟು ಆ ಭಾರ ಇಳಿಸಿಬಿಡಿ.

ನಮ್ಮಪ್ಪಂಗೆ ಹೊಟ್ಟೆನೋವೇ ಇರ್ಲಿಲ್ಲ. ಬರೀ ಸುಸ್ತು ಅಂತ ಹೋದ್ವಿ. ಇದು ಹೇಗೆ ಗೊತ್ತಾಗ್ಬೇಕಿತ್ತು?

ಸುಸ್ತೇ ಅದರ ಲಕ್ಷಣವಾಗಿತ್ತು. ಗಡ್ಡೆ ದೊಡ್ಡದಾದಂತೆ ಅದರ ಮೇಲಿನ ಒಳಪೊರೆ ಬಿಗಿದು ಒಂದು ಕಡೆ ಕುಳಿ ಬೀಳುತ್ತದೆ. ಅಲ್ಲಿಂದ ತೊಟ್ಟುತೊಟ್ಟಾಗಿ ರಕ್ತ ಜಿನುಗುತ್ತದೆ. ಮಲ ಟಾರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋಗುತ್ತದೆ. ಹಿಮೋಗ್ಲೋಬಿನ್ 6ಕ್ಕೋ 7ಕ್ಕೋ ಇಳಿದು ಮೆಟ್ಟಿಲು ಹತ್ತುವಾಗ ಏದುಸಿರು ಬರುವವರೆಗೂ ಎಷ್ಟೋ ಜನಕ್ಕೆ ಅದು ಗೊತ್ತಾಗುವುದಿಲ್ಲ. ಐವತ್ತು ದಾಟಿದ ಗಂಡಸಿಗೆ ರಕ್ತಹೀನತೆ ಕಂಡಾಗ ಬರೀ ಕಬ್ಬಿಣಾಂಶದ ಮಾತ್ರೆ ಬರೆದು ಕಳಿಸಬಾರದು. ರಕ್ತ ಎಲ್ಲಿ ಹೋಗುತ್ತಿದೆ ಎಂದು ಹುಡುಕಬೇಕು. ಮುಟ್ಟು ನಿಂತ ಹೆಂಗಸರಿಗೂ ಇದೇ ಮಾತು.

ಉಳಿದಂತೆ ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು, ಮೇಲ್ಹೊಟ್ಟೆಯಲ್ಲಿ ಗಟ್ಟಿಯಾಗಿ ಏನೋ ಕೈಗೆ ಸಿಗುವುದು ಇವು ಲಕ್ಷಣಗಳು. ಬೇರೆ ಯಾವುದಕ್ಕೋ ಮಾಡಿಸಿದ ಸ್ಕ್ಯಾನಿನಲ್ಲಿ ಆಕಸ್ಮಿಕವಾಗಿ ಕಾಣುವುದೂ ಸಾಮಾನ್ಯ.

## ಪತ್ತೆ ಹಚ್ಚುವ ಬಗ್ಗೆ

ಎಂಡೋಸ್ಕೋಪಿಲಿ ಬಯಾಪ್ಸಿ ತಗೊಂಡ್ರು, "ನಾರ್ಮಲ್" ಅಂತ ಬಂತು. ಆದ್ರೂ ಗಡ್ಡೆ ಇದೆ ಅಂತೀರಲ್ಲ?

ಎರಡೂ ನಿಜ. ಹೊದಿಕೆಯ ಕೆಳಗೆ ತೆಂಗಿನಕಾಯಿ ಇಟ್ಟಿದ್ದಾರೆ ಎಂದುಕೊಳ್ಳಿ. ಮೇಲಿನಿಂದ ಉಬ್ಬು ಕಾಣುತ್ತದೆ, ಆದರೆ ನೀವು ಕತ್ತರಿಸಿ ತೆಗೆದ ಚೂರು ಹೊದಿಕೆಯ ಬಟ್ಟೆಯದು. ಎಂಡೋಸ್ಕೋಪಿಯ ಸಣ್ಣ ಚಿಮಟಕ್ಕೆ ಸಿಗುವುದು ಒಳಪೊರೆ ಮಾತ್ರ, ಗಡ್ಡೆ ಇರುವುದು ಅದರ ಕೆಳಗೆ. "ನಾರ್ಮಲ್" ಎಂಬ ಆ ಚೀಟಿ ನಂಬಿ ಒಂದೂವರೆ ವರ್ಷ ಅಸಿಡಿಟಿ ಮಾತ್ರೆ ನುಂಗಿ, ಆಮೇಲೆ 11 ಸೆಂ.ಮೀ. ಗಡ್ಡೆಯೊಂದಿಗೆ ಬಂದವರನ್ನು ನೋಡಿದ್ದೇನೆ. ರಿಪೋರ್ಟಿನಲ್ಲಿ "ಸಬ್‌ಮ್ಯುಕೋಸಲ್" ಅಥವಾ "ಸಬ್‌ಎಪಿಥೀಲಿಯಲ್", ಅಂದರೆ ಒಳಪೊರೆಯ ಕೆಳಗಿನದು, ಎಂಬ ಪದ ಇದ್ದರೆ ಬಯಾಪ್ಸಿ ನಾರ್ಮಲ್ ಬಂದ ಮಾತ್ರಕ್ಕೆ ವಿಷಯ ಮುಗಿಯಲಿಲ್ಲ ಎಂದು ತಿಳಿಯಿರಿ.

ಹಾಗಾದ್ರೆ ಯಾವ ಟೆಸ್ಟ್ ಮಾಡಿಸ್ಬೇಕು?

ಎರಡು ಮುಖ್ಯ. ಒಂದು, ರಕ್ತನಾಳಕ್ಕೆ ಔಷಧಿ ಬಿಟ್ಟು ತೆಗೆಯುವ ಕಾಂಟ್ರಾಸ್ಟ್ ಸಿ.ಟಿ. ಸ್ಕ್ಯಾನ್. ಗಡ್ಡೆ ಎಷ್ಟು ದೊಡ್ಡದು, ಯಾವುದಕ್ಕೆ ಅಂಟಿದೆ, ಲಿವರ್‌ನಲ್ಲಿ ಏನಾದರೂ ಇದೆಯಾ ಎಂಬುದು ಅದರಲ್ಲಿ ಗೊತ್ತಾಗುತ್ತದೆ. ಇನ್ನೊಂದು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್, ಓಪಿಡಿ ಭಾಷೆಯಲ್ಲಿ ಇಯುಎಸ್. ಕೊಳವೆಯ ತುದಿಯಲ್ಲೇ ಅಲ್ಟ್ರಾಸೌಂಡ್ ಇರುತ್ತದೆ. ಪರದೆಯ ಮೇಲೆ ಜಠರದ ಗೋಡೆ ಐದು ಪಟ್ಟೆಗಳಾಗಿ ಕಾಣುತ್ತದೆ: ಬಿಳಿ, ಕಪ್ಪು, ಬಿಳಿ, ಕಪ್ಪು, ಬಿಳಿ. ನಾಲ್ಕನೆಯ ಕಪ್ಪು ಪಟ್ಟೆಯೇ ಮಾಂಸದ ಪದರ. ಅದು ಒಂದು ಕಡೆ ಅಗಲವಾಗಿ ಉಬ್ಬಿ ಗುಂಡಗಾಗಿದ್ದರೆ ಜಿಸ್ಟ್ ಎಂಬ ಅನುಮಾನ ಬಲವಾಗುತ್ತದೆ. ಅಲ್ಲಿಂದಲೇ ಸೂಜಿ ಹಾಕಿ ಗಡ್ಡೆಯ ಒಳಗಿನ ಚೂರು ತೆಗೆಯಬಹುದು.

ಸೂಜಿ ಹಾಕಿದ್ರ ಗಡ್ಡಿ ಒಡದು ಹರಡತೈತಂತ ಊರಾಗ ಹೇಳ್ತಾರ್ರೀ. ಖರೇ ಏನು?

ಜಠರದ ಒಳಗಿನಿಂದ ಇಯುಎಸ್ ಮೂಲಕ ಹಾಕುವ ಸೂಜಿಯಿಂದ ಆ ಅಪಾಯ ತೀರಾ ಕಡಿಮೆ, ಹೆದರಬೇಡಿ. ಆದರೆ ಹೊಟ್ಟೆಯ ಚರ್ಮದ ಮೇಲಿನಿಂದ ನೇರವಾಗಿ ಗಡ್ಡೆಗೆ ಸೂಜಿ ಚುಚ್ಚುವ ಮೊದಲು ನಾವೂ ಎರಡು ಸಲ ಯೋಚಿಸುತ್ತೇವೆ. ದೊಡ್ಡ ಜಿಸ್ಟ್‌ನ ಒಳಭಾಗ ಮೆತ್ತಗೆ, ರಕ್ತ ತುಂಬಿಕೊಂಡು ಇರುತ್ತದೆ.

ಎಲ್ಲರಿಗೂ ಸೂಜಿ ಪರೀಕ್ಷೆ ಬೇಕು ಎಂದೂ ಇಲ್ಲ. ಚೆಂಡಿನ ಹಾಗೆ ದುಂಡಗೆ, ಸುಲಭವಾಗಿ ತೆಗೆಯಲು ಬರುವ, ಸ್ಕ್ಯಾನಿನಲ್ಲಿ ಜಿಸ್ಟ್‌ನಂತೆಯೇ ಕಾಣುವ ಗಡ್ಡೆಯಾದರೆ ನೇರವಾಗಿ ಆಪರೇಷನ್ ಮಾಡಬಹುದು. ಆಪರೇಷನ್‌ಗೆ ಮೊದಲು ಗಡ್ಡೆ ಕುಗ್ಗಿಸುವ ಇಮ್ಯಾಟಿನಿಬ್ ಮಾತ್ರೆ (ಅದರ ಬಗ್ಗೆ ಮುಂದೆ ಹೇಳಿದ್ದೇನೆ) ಕೊಡಬೇಕಾದಾಗ, ಅಥವಾ ಇದು ಬೇರೆ ಕಾಯಿಲೆ ಇರಬಹುದು ಎಂಬ ಅನುಮಾನ ಇದ್ದಾಗ ಸೂಜಿ ಪರೀಕ್ಷೆ ಬೇಕೇ ಬೇಕು.

ಜಿಸ್ಟ್ ಅಲ್ಲದೆ ಬೇರೆ ಏನಿರಬಹುದು?

ಲಿಯೋಮಯೋಮಾ ಮತ್ತು ಶ್ವಾನೋಮಾ ಎಂಬ ಗಡ್ಡೆಗಳು ಜಿಸ್ಟ್‌ನಂತೆಯೇ ಕಾಣುತ್ತವೆ. ಅವು ಬಹುತೇಕ ನಿರಪಾಯಕಾರಿ. ಕೊಬ್ಬಿನ ಗಂಟು ಇರಬಹುದು. ನ್ಯೂರೋಎಂಡೋಕ್ರೈನ್ ಗಡ್ಡೆಗಳಿವೆ, ಅವುಗಳಲ್ಲಿ ಸಣ್ಣವನ್ನು ಎಂಡೋಸ್ಕೋಪಿಯಲ್ಲೇ ತೆಗೆಯಬಹುದು. ಜಠರದ ಲಿಂಫೋಮಾ, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳ ಕ್ಯಾನ್ಸರ್, ಕೂಡ ಇರಬಹುದು. ಅದರಲ್ಲಿ ಮಾಲ್ಟ್ ಎಂಬ ಬಗೆಗೆ ಎಷ್ಟೋ ಸಲ ಹೆಲಿಕೋಬ್ಯಾಕ್ಟರ್ ಬ್ಯಾಕ್ಟೀರಿಯಾಕ್ಕೆ ಆ್ಯಂಟಿಬಯಾಟಿಕ್ ಕೊಟ್ಟರೆ ಗಡ್ಡೆಯೇ ಕರಗುತ್ತದೆ. ಜಠರ ತೆಗೆಯುವ ಅಗತ್ಯವೇ ಇರುವುದಿಲ್ಲ. ಒಂದಕ್ಕೆ ಆಪರೇಷನ್, ಒಂದಕ್ಕೆ ಎರಡು ವಾರದ ಮಾತ್ರೆ, ಒಂದನ್ನು ಸುಮ್ಮನೆ ಬಿಡಬಹುದು. ಹೆಸರಿಗಾಗಿ ನಾನು ಇಷ್ಟು ಹಟ ಹಿಡಿಯುವುದು ಇದಕ್ಕೇ.

ಸಿಡಿ117, ಡಾಗ್1 ಅಂತೆಲ್ಲ ಬರ್ದಿದ್ದಾರೆ. ಒಂದಕ್ಷರ ಅರ್ಥ ಆಗ್ಲಿಲ್ಲ.

ಗಡ್ಡೆಯ ತೆಳು ಪದರಕ್ಕೆ ವಿಶೇಷ ಬಣ್ಣ ಹಾಕಿ ನೋಡುವ ಪರೀಕ್ಷೆಗಳು ಇವು. ಸಿಡಿ117 ಎಂದರೆ ಕಿಟ್ ಎಂಬ ಪ್ರೋಟೀನ್. ಸುಮಾರು 95 ಶೇಕಡಾ ಜಿಸ್ಟ್‌ಗಳು ಈ ಬಣ್ಣ ಹಿಡಿದು ಕಂದಾಗಿ ಕಾಣುತ್ತವೆ. ಅದು ಹಿಡಿಯದ ಕೆಲವನ್ನು ಡಾಗ್1 ಹಿಡಿಯುತ್ತದೆ. ಎಸ್100 ಪಾಸಿಟಿವ್, ಸಿಡಿ117 ನೆಗೆಟಿವ್ ಎಂದಿದ್ದರೆ ಶ್ವಾನೋಮಾ ಕಡೆಗೆ ವಾಲುತ್ತದೆ. ಡೆಸ್ಮಿನ್ ಪಾಸಿಟಿವ್, ಸಿಡಿ117 ನೆಗೆಟಿವ್ ಎಂದರೆ ಲಿಯೋಮಯೋಮಾ. ಈ ಬಣ್ಣಗಳ ಸಾಲು ಇಲ್ಲದೆ ಬರೀ "ಸ್ಪಿಂಡಲ್ ಸೆಲ್ ಟ್ಯೂಮರ್" ಎಂದು ನಿಂತಿರುವ ರಿಪೋರ್ಟು ಅರ್ಧ ರಿಪೋರ್ಟು.

1.2 ಸೆಂಟಿಮೀಟರ್ ಗಂಟು. "ಏನೂ ಮಾಡೋದು ಬೇಡ, ಕಾಯೋಣ" ಅಂದ್ರು. ನಿದ್ದೆ ಬರ್ತಿಲ್ಲ.

ಜಠರದಲ್ಲಿ 2 ಸೆಂ.ಮೀ.ಗಿಂತ ಚಿಕ್ಕದಾಗಿದ್ದು, ಅಂಚು ನುಣುಪಾಗಿ, ಮೇಲೆ ಹುಣ್ಣಿಲ್ಲದೆ, ರಕ್ತ ಒಸರದೆ ಇದ್ದರೆ ಕಾಯುವುದು ಒಪ್ಪಿತವಾದ ದಾರಿ. ಮೊದಲು ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಇಯುಎಸ್ ಮಾಡಿಸಿ ಅಳತೆ ನೋಡುತ್ತೇವೆ. ಬೆಳೆದರೆ ತೆಗೆಯುತ್ತೇವೆ. ಕಾಯುವುದೇ ಆಗದು, ಮನಸ್ಸು ಕೊರೆಯುತ್ತದೆ ಎನ್ನುವವರಿಗೆ ತೆಗೆದುಕೊಟ್ಟದ್ದೂ ಇದೆ, ಅದು ತಪ್ಪಲ್ಲ. ಈ ಮಾತು ಜಠರಕ್ಕೆ ಮಾತ್ರ ಅನ್ವಯ. ಸಣ್ಣ ಕರುಳು, ಗುದನಾಳದ ಜಿಸ್ಟ್ ಚಿಕ್ಕದಿದ್ದರೂ ತೆಗೆಯಬೇಕು.

## ಆಪರೇಷನ್ ಬಗ್ಗೆ

ಪೂರ್ತಿ ಜಠರ ತೆಗೀತೀರಾ?

ಹೆಚ್ಚಿನವರಿಗೆ ಇಲ್ಲ. ಸಾಮಾನ್ಯ ಜಠರ ಕ್ಯಾನ್ಸರ್‌ನಲ್ಲಿ ದೊಡ್ಡ ಭಾಗವನ್ನೂ ಸುತ್ತಲಿನ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆಯಬೇಕಾಗುತ್ತದೆ. ಜಿಸ್ಟ್ ಗ್ರಂಥಿಗಳಿಗೆ ಹೋಗುವುದು ಬಲು ಅಪರೂಪ, ಗೋಡೆಯಲ್ಲಿ ಬೇರು ಬಿಟ್ಟಂತೆ ಹರಿದಾಡುವುದೂ ಇಲ್ಲ. ಹಾಗಾಗಿ ಗಡ್ಡೆಯನ್ನು ಸುತ್ತಲಿನ ಸ್ವಲ್ಪ ಒಳ್ಳೆಯ ಗೋಡೆಯೊಂದಿಗೆ ಕಲ್ಲಂಗಡಿ ಹೋಳಿನಂತೆ ಕತ್ತರಿಸಿ ತೆಗೆದರೆ ಸಾಕು. ಇದನ್ನೇ ವೆಜ್ ರಿಸೆಕ್ಷನ್ ಎನ್ನುತ್ತಾರೆ. ಅಂಚಿನಲ್ಲಿ ಗಡ್ಡೆ ಉಳಿದಿರಬಾರದು, ಅಷ್ಟೇ ಮುಖ್ಯ.

ಜಾಗ ಕಷ್ಟದ್ದಾದರೆ ಲೆಕ್ಕ ಬೇರೆ. ಅನ್ನನಾಳ ಬಂದು ಸೇರುವ ಬಾಯಿಯ ಹತ್ತಿರ ಅಥವಾ ಜಠರ ಕರುಳಿಗೆ ತೆರೆಯುವ ತುದಿಯ ಹತ್ತಿರ ಹೋಳು ತೆಗೆದರೆ ದಾರಿಯೇ ಕಿರಿದಾಗುತ್ತದೆ. ಅಲ್ಲಿ ದೊಡ್ಡ ಗಡ್ಡೆ ಇದ್ದರೆ ಮೊದಲು ಆರರಿಂದ ಹನ್ನೆರಡು ತಿಂಗಳು ಮಾತ್ರೆ ಕೊಟ್ಟು ಕುಗ್ಗಿಸಿ, ಆಮೇಲೆ ಕೈ ಹಾಕುತ್ತೇವೆ. ಪೂರ್ತಿ ಜಠರ ಹೋಗಬೇಕಿದ್ದ ರೋಗಿಗೆ ಜಠರ ಉಳಿಯುವುದು ಈ ತಾಳ್ಮೆಯಿಂದ.

ಆಪರೇಷನ್ ಥಿಯೇಟರಲ್ಲಿ ನಿಜವಾಗಿ ಏನ್ಮಾಡ್ತೀರಿ? ಹೇಳಿದ್ರೆ ಭಯ ಕಮ್ಮಿ ಆಗುತ್ತೆ.

ಚಿಕ್ಕ ಮತ್ತು ಮಧ್ಯಮ ಗಡ್ಡೆಗಾದರೆ ಹೊಕ್ಕುಳಿನ ಬಳಿ ಒಂದು, ಅಕ್ಕಪಕ್ಕ ಮೂರು ನಾಲ್ಕು ಸಣ್ಣ ತೂತು. ಕ್ಯಾಮೆರಾ ಒಳಗೆ ಹೋದಾಗ ನಸುಗೆಂಪು ಜಠರದ ಮೇಲೆ ಬೂದುಬಣ್ಣದ ಉಬ್ಬು ಕಾಣುತ್ತದೆ, ಮೇಲೆ ಸಣ್ಣ ಸಣ್ಣ ರಕ್ತನಾಳಗಳ ಬಲೆ. ಮೊದಲು ಲಿವರ್ ಮೇಲೆ, ಹೊಟ್ಟೆಯ ಪೊರೆಯ ಮೇಲೆ ಹರಡಿದ ಗಡ್ಡೆಯ ಕಾಳುಗಳಿವೆಯೇ ಎಂದು ನೋಡುತ್ತೇವೆ. ಆಮೇಲೆ ಒಂದೇ ನಿಯಮ: ಗಡ್ಡೆಯನ್ನು ಉಪಕರಣದಿಂದ ಹಿಡಿಯಬಾರದು. ಪಕ್ಕದ ಒಳ್ಳೆಯ ಗೋಡೆಯನ್ನು ಹಿಡಿದು ಎತ್ತುತ್ತೇವೆ, ಅಥವಾ ಅದಕ್ಕೆ ಎರಡು ಹೊಲಿಗೆ ಹಾಕಿ ದಾರದಿಂದ ಎತ್ತುತ್ತೇವೆ. ಸ್ಟೇಪ್ಲರ್ ಗಡ್ಡೆಯ ಕೆಳಗೆ ಹೋಗಿ ಏಕಕಾಲಕ್ಕೆ ಹೊಲಿಯುತ್ತಾ ಕತ್ತರಿಸುತ್ತದೆ. ತೆಗೆದದ್ದು ನೇರ ಚೀಲಕ್ಕೆ. ಚೀಲದ ಬಾಯಿ ಬಿಗಿದ ಮೇಲೆ ತೂತನ್ನು ಬೇಕಾದಷ್ಟು ದೊಡ್ಡದು ಮಾಡಿ ಹೊರಗೆ ತರುತ್ತೇವೆ. ಸಣ್ಣ ತೂತಿನಿಂದ ಎಳೆದು ಹಿಂಡಿ ತರುವುದು ತಪ್ಪು. ಸಾಮಾನ್ಯವಾಗಿ ಮೂರರಿಂದ ಐದು ದಿನದಲ್ಲಿ ಮನೆಗೆ ಹೋಗುತ್ತೀರಿ.

ಉಬ್ಬು ಒಳಮುಖವಾಗಿದ್ದು ಹೊರಗಿನಿಂದ ಕಾಣದಿದ್ದರೆ ಒಬ್ಬರು ಬಾಯಿಯ ಮೂಲಕ ಎಂಡೋಸ್ಕೋಪಿಯಿಂದ ಗುರುತು ಹಾಕುತ್ತಾರೆ, ಇನ್ನೊಬ್ಬರು ಹೊರಗಿನಿಂದ ಕತ್ತರಿಸುತ್ತಾರೆ. ಜಪಾನಿನ ಸರ್ಜನ್ನರು ರೂಢಿಗೆ ತಂದ ವಿಧಾನ ಅದು.

ದೊಡ್ಡ ಗಾಯ ಬೇಡ, ಲ್ಯಾಪ್ರೋಸ್ಕೋಪಿಲೇ ಮಾಡಿ ಅಂತ ಹಟ ಹಿಡೀಬಹುದಾ?

ಕೇಳಬಹುದು, ಹಟ ಬೇಡ. 14 ಸೆಂ.ಮೀ. ಗಡ್ಡೆಯನ್ನು ಒಡೆಯದೆ ತರಲು ಹೊಟ್ಟೆ ತೆರೆಯುವುದೇ ಸರಿ.

ನಾನು ಕಲಿಯುತ್ತಿದ್ದ ದಿನಗಳಲ್ಲಿ ಕಂಡದ್ದನ್ನು ಹೇಳುತ್ತೇನೆ. ಬೇರೆ ಕಡೆ "ಸಿಸ್ಟ್ ಇರಬೇಕು" ಎಂದುಕೊಂಡು ತೆರೆದ ಗಡ್ಡೆ ಕೈಯಲ್ಲೇ ಒಡೆದು, ಒಳಗಿನ ಕಂದು ದ್ರವ ಹೊಟ್ಟೆಯ ತುಂಬ ಹರಿದಿತ್ತು. ತೊಳೆದು ಹೊಲಿದು ಕಳಿಸಿದ್ದರು. ಎರಡು ವರ್ಷದ ಮೇಲೆ ಆ ಮನುಷ್ಯ ನಮ್ಮಲ್ಲಿಗೆ ಬಂದಾಗ ಕರುಳಿನ ಪೊರೆಯ ಮೇಲೆಲ್ಲ ದ್ರಾಕ್ಷಿ ಗೊಂಚಲಿನಂತೆ ಗಂಟುಗಳು. ಒಮ್ಮೆ ಒಡೆದರೆ ಗಾತ್ರ ಎಷ್ಟೇ ಇರಲಿ, ಅದನ್ನು ಹೆಚ್ಚು ಅಪಾಯದ ಗುಂಪಿಗೇ ಸೇರಿಸುತ್ತಾರೆ. ಆ ದಿನದಿಂದ ಜಿಸ್ಟ್ ಮುಟ್ಟುವಾಗ ನನ್ನ ಬೆರಳು ತಾನಾಗಿಯೇ ಮೆತ್ತಗಾಗುತ್ತದೆ.

ತೆಗೆದ ಗಡ್ಡೆನ ಡಬ್ಬಿಲಿ ಹಾಕಿ ನಮ್ಮ ಕೈಗೇ ಕೊಟ್ರು, ಲ್ಯಾಬಿಗೆ ಕೊಡಿ ಅಂತ. ಏನು ನೋಡ್ಕೋಬೇಕು?

ಸಣ್ಣ ಊರುಗಳಲ್ಲಿ ಇದು ನಡೆಯುತ್ತದೆ. ಡಬ್ಬಿಯಲ್ಲಿ ಫಾರ್ಮಲಿನ್ ಇರಬೇಕು. ಮುಚ್ಚಳ ತೆಗೆದರೆ ಮೂಗು ಉರಿಯುವ ಆ ಘಾಟು ಬರಬೇಕು. ಗಡ್ಡೆ ಅದರಲ್ಲಿ ಪೂರ್ತಿ ಮುಳುಗಿರಬೇಕು, ಡಬ್ಬಿ ದೊಡ್ಡದಿರಬೇಕು. ಸಲೈನಿನಲ್ಲಿ ಹಾಕಿ, ಬಸ್ಸಿನಲ್ಲಿ ಒಂದು ರಾತ್ರಿ ತಂದ ಗಡ್ಡೆ ಕೊಳೆತು, ಹೆಸರು ಹೇಳಲಾಗದೆ ಹೋದದ್ದನ್ನು ನೋಡಿದ್ದೇನೆ. ಅಷ್ಟು ಕಷ್ಟಪಟ್ಟ ಆಪರೇಷನ್ನಿನ ಅರ್ಧ ಫಲ ಆ ಡಬ್ಬಿಯಲ್ಲಿ ಹಾಳಾಯಿತು.

ಆಪರೇಷನ್ ಆದ್ಮೇಲೆ ಮುದ್ದೆ ಊಟ ಮಾಡಬಹುದಾ?

ಹೋಳು ಮಾತ್ರ ತೆಗೆದಿದ್ದರೆ ಮೊದಲ ಕೆಲವು ದಿನ ಗಂಜಿ, ಆಮೇಲೆ ಮೆತ್ತಗೆ ಕಲಸಿದ ಮೊಸರನ್ನ, ಇಡ್ಲಿ. ತಿಂಗಳೊಳಗೆ ಹೆಚ್ಚಿನವರು ಮೊದಲಿನ ಊಟಕ್ಕೇ ಮರಳುತ್ತಾರೆ, ಮುದ್ದೆಗೂ.

ಜಠರದ ಹೆಚ್ಚು ಭಾಗ ಅಥವಾ ಪೂರ್ತಿ ಹೋಗಿದ್ದರೆ ಬದುಕಿನ ಲಯವೇ ಬದಲಾಗುತ್ತದೆ. ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪ, ಚೆನ್ನಾಗಿ ಅಗಿದು. ಊಟದ ಜೊತೆ ಚೊಂಬು ನೀರು ಕುಡಿಯಬೇಡಿ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಪಾಯಸ, ಪಾನಕ, ಬೆಲ್ಲದ ನೀರು ಒಮ್ಮೆಲೇ ಕುಡಿದರೆ ಸಿಹಿಯೆಲ್ಲ ಒಟ್ಟಿಗೆ ಕರುಳಿಗೆ ಬಿದ್ದು ಬೆವರು, ಎದೆಬಡಿತ, ತಲೆಸುತ್ತು ಬರುತ್ತದೆ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಪೂರ್ತಿ ಜಠರ ತೆಗೆದವರಿಗೆ ವಿಟಮಿನ್ ಬಿ12 ಇಂಜೆಕ್ಷನ್ ಜೀವಮಾನವಿಡೀ ಬೇಕು. ಅದನ್ನು ಹೀರಿಕೊಳ್ಳಲು ಬೇಕಾದ ಅಂಶ ತಯಾರಾಗುವುದು ಜಠರದಲ್ಲೇ. ಮೊದಲ ವರ್ಷ ಏನೂ ತೊಂದರೆ ಕಾಣುವುದಿಲ್ಲ, ಆಮೇಲೆ ಕಾಲು ಜೋಮು ಹಿಡಿಯುತ್ತದೆ. ಬಿಡಬೇಡಿ.

## ಮಾತ್ರೆ, ಅಪಾಯದ ಲೆಕ್ಕ, ಮುಂದಿನ ವರ್ಷಗಳು

ಗಡ್ಡೆ ತೆಗೆದಾಯ್ತು. ವಾಪಸ್ ಬರುತ್ತಾ?

ಮೂರು ವಿಷಯ ನೋಡುತ್ತೇವೆ: ಗಾತ್ರ, ಜಾಗ, ಮತ್ತು ಸೂಕ್ಷ್ಮದರ್ಶಕದ ಕೆಳಗೆ 5 ಚದರ ಮಿಲಿಮೀಟರ್ ಜಾಗದಲ್ಲಿ ಎಷ್ಟು ಕೋಶಗಳು ಒಡೆದು ಇಬ್ಭಾಗವಾಗುತ್ತಿವೆ ಎಂಬ ಎಣಿಕೆ. ರಿಪೋರ್ಟಿನಲ್ಲಿ ಇದು ಮೈಟೋಟಿಕ್ ಕೌಂಟ್ ಎಂದಿರುತ್ತದೆ. ಮಿಯೆಟ್ಟಿನೆನ್ ಮತ್ತು ಲಸೋಟ ಎಂಬ ಇಬ್ಬರು ಪೆಥಾಲಜಿಸ್ಟರು ಸಾವಿರಾರು ರೋಗಿಗಳನ್ನು ಹಿಂಬಾಲಿಸಿ 2006ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ನಮ್ಮ ಮೇಜಿನ ಮೇಲಿದೆ. ಜಠರದ ಗಡ್ಡೆ 2ರಿಂದ 5 ಸೆಂ.ಮೀ. ಇದ್ದು ಎಣಿಕೆ 5ರೊಳಗಿದ್ದರೆ ಕಾಯಿಲೆ ಮುಂದುವರಿದದ್ದು 100ರಲ್ಲಿ ಇಬ್ಬರಿಗೂ ಇಲ್ಲ. 5ರಿಂದ 10 ಸೆಂ.ಮೀ. ಇದ್ದು ಎಣಿಕೆ 5 ದಾಟಿದರೆ 55 ಮಂದಿಗೆ. 10 ಸೆಂ.ಮೀ. ಮೀರಿ, ಎಣಿಕೆಯೂ 5 ಮೀರಿದರೆ 86 ಮಂದಿಗೆ. ಮಾತ್ರೆ ಬರುವ ಮೊದಲಿನ ಕಾಲದ ರೋಗಿಗಳ ಲೆಕ್ಕ ಅದು ಎಂಬುದು ನೆನಪಿರಲಿ.

ನಿಮ್ಮ ರಿಪೋರ್ಟಿನಲ್ಲಿ ಈ ಎಣಿಕೆ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಕಿಮೋ ಕೊಡ್ತೀರಾ?

ಕೂದಲು ಉದುರುವ, ಗ್ಲುಕೋಸ್ ಬಾಟಲಿಯ ಹಳೆಯ ಕಿಮೋ ಜಿಸ್ಟ್‌ಗೆ ಹೆಚ್ಚೂಕಡಿಮೆ ನಾಟುವುದೇ ಇಲ್ಲ. 1998ರಲ್ಲಿ ಜಪಾನಿನ ಒಸಾಕಾದ ಹಿರೋಟಾ ಮತ್ತು ಸಂಗಡಿಗರು ಈ ಗಡ್ಡೆಗಳಲ್ಲಿ ಕಿಟ್ ಜೀನ್ ಕೆಟ್ಟಿರುವುದನ್ನು ಕಂಡುಹಿಡಿದರು. ಬೆಳೆಯಲು ಹೇಳುವ ಸ್ವಿಚ್ ಆಫ್ ಆಗದೆ ಸದಾ ಹತ್ತಿಕೊಂಡೇ ಇರುವುದೇ ಆ ದೋಷ. ರಕ್ತದ ಕ್ಯಾನ್ಸರ್ ಒಂದಕ್ಕೆ ತಯಾರಾಗಿದ್ದ ಇಮ್ಯಾಟಿನಿಬ್ ಎಂಬ ಮಾತ್ರೆ ಈ ಸ್ವಿಚ್ಚನ್ನೂ ಆರಿಸುತ್ತದೆ ಎಂದು ಗೊತ್ತಾಯಿತು. 2000ದ ಮಾರ್ಚಿನಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ, ಲಿವರ್‌ಗೆಲ್ಲ ಹರಡಿದ್ದ ಒಬ್ಬ ಹೆಂಗಸಿಗೆ ಅದನ್ನು ಕೊಟ್ಟರು. ಕೆಲವೇ ವಾರಗಳಲ್ಲಿ ಗಡ್ಡೆಗಳು ಕುಗ್ಗಿದವು. 2002ರಲ್ಲಿ ಅಮೆರಿಕದಲ್ಲಿ ಜಿಸ್ಟ್‌ಗೆ ಅದರ ಬಳಕೆಗೆ ಒಪ್ಪಿಗೆ ಸಿಕ್ಕಿತು. ಅದಕ್ಕೆ ಮೊದಲು ಹರಡಿದ ಜಿಸ್ಟ್ ಇದ್ದವರು ಬದುಕುತ್ತಿದ್ದದ್ದು ಸುಮಾರು ಒಂದೂವರೆ ವರ್ಷ. ಮಾತ್ರೆ ಬಂದ ಮೇಲೆ ಅರ್ಧದಷ್ಟು ಮಂದಿ ನಾಲ್ಕೈದು ವರ್ಷ ದಾಟಿದರು, ಐವರಲ್ಲಿ ಒಬ್ಬರು ಹತ್ತು ವರ್ಷವನ್ನೂ ದಾಟಿದ್ದಾರೆ.

ಆಪರೇಷನ್ ಚೆನ್ನಾಗಾಯ್ತು ಅಂದ್ರಿ, ಮತ್ತೆ ಮೂರು ವರ್ಷ ಮಾತ್ರೆ ಯಾಕೆ?

ಎಲ್ಲರಿಗೂ ಅಲ್ಲ, ಅಪಾಯ ಹೆಚ್ಚಿರುವವರಿಗೆ ಮಾತ್ರ. ಕಣ್ಣಿಗೆ ಕಾಣದ ಕೋಶಗಳು ಎಲ್ಲಾದರೂ ಉಳಿದಿದ್ದರೆ ಅವು ತಲೆ ಎತ್ತದಿರಲಿ ಎಂದು. ಉತ್ತರ ಯುರೋಪ್ ಮತ್ತು ಜರ್ಮನಿಯಲ್ಲಿ ನಡೆದ ಅಧ್ಯಯನದಲ್ಲಿ ಒಂದು ವರ್ಷ ಮಾತ್ರೆ ತಗೊಂಡವರಲ್ಲಿ ಐದು ವರ್ಷಕ್ಕೆ ಬದುಕಿದ್ದವರು 81.7 ಶೇಕಡಾ, ಮೂರು ವರ್ಷ ತಗೊಂಡವರಲ್ಲಿ 92. ದಿನಕ್ಕೆ 400 ಮಿ.ಗ್ರಾಂ. ಊಟದ ಜೊತೆ, ದೊಡ್ಡ ಲೋಟ ನೀರಿನೊಂದಿಗೆ ನುಂಗಬೇಕು.

ಮಾತ್ರೆ ಶುರು ಮಾಡಿದ್ಮೇಲೆ ಕಣ್ಣ ಸುತ್ತ ಊತ, ಬಣ್ಣನೂ ತಿಳಿಯಾಗ್ತಿದೆ. ನಿಲ್ಲಿಸಲಾ?

ನಿಲ್ಲಿಸಬೇಡಿ, ಬಂದು ತೋರಿಸಿ. ಬೆಳಗ್ಗೆ ಕಣ್ಣಿನ ಸುತ್ತ ಊತ, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ವಾಕರಿಕೆ, ಸ್ವಲ್ಪ ಭೇದಿ ಇವು ಸಾಮಾನ್ಯ. ಚರ್ಮದ ಬಣ್ಣ ತಿಳಿಯಾಗುವುದು ನಮ್ಮ ಜನರಲ್ಲಿ ಎದ್ದು ಕಾಣುತ್ತದೆ. ಕಿಟ್ ಪ್ರೋಟೀನ್ ಚರ್ಮದ ಬಣ್ಣದ ಕೋಶಗಳಿಗೂ ಬೇಕು, ಅದಕ್ಕೇ ಹೀಗಾಗುತ್ತದೆ. ಅದು ತೊನ್ನು ಅಲ್ಲ, ಅಂಟುವುದಿಲ್ಲ. ಈ ಬಣ್ಣದ ಬಗ್ಗೆ ನೆಂಟರು ಆಡಿದ ಮಾತಿಗೆ ಬೇಸತ್ತು ಮಾತ್ರೆ ಬಿಟ್ಟ ಒಬ್ಬ ಹೆಣ್ಣುಮಗಳು ನನ್ನ ಮನಸ್ಸಿನಿಂದ ಹೋಗಿಲ್ಲ. ಕಾಯಿಲೆ ಹರಡಿರುವವರು ಚೆನ್ನಾಗಿದ್ದೇವೆಂದು ಮಾತ್ರೆ ನಿಲ್ಲಿಸಿದರೆ ಗಡ್ಡೆ ಮತ್ತೆ ಬೆಳೆಯುತ್ತದೆ ಎಂಬುದು ಫ್ರಾನ್ಸಿನ ಅಧ್ಯಯನದಲ್ಲಿ ಸ್ಪಷ್ಟವಾಗಿದೆ.

ಗ್ರೇಪ್‌ಫ್ರೂಟ್, ಚಕ್ಕೋತ ಬಿಡಿ. ನಾಟಿ ಔಷಧಿ, ಕಷಾಯ ಏನೇ ತಗೊಳ್ಳುತ್ತಿದ್ದರೂ ಮುಚ್ಚಿಡದೆ ಹೇಳಿ, ಯಾರೂ ಬೈಯುವುದಿಲ್ಲ. ಈ ಮಾತ್ರೆಯೂ ಅವೂ ಲಿವರ್ ಮೇಲೆ ಕೆಲಸ ಮಾಡುತ್ತವೆ. ಮಾತ್ರೆ ತಗೊಳ್ಳುವ ಕಾಲದಲ್ಲಿ ಗರ್ಭ ಧರಿಸಬಾರದು.

ಮಾತ್ರೆಗೆ ತಿಂಗಳಿಗೆ ಲಕ್ಷ ಆಗುತ್ತಂತೆ. ಹೊಲ ಮಾರಬೇಕಾ?

ಬೇಡ. ಅದು ಹಳೆಯ ಮಾತು. ಮೂಲ ಕಂಪನಿಯ ಮಾತ್ರೆಗೆ ತಿಂಗಳಿಗೆ ಲಕ್ಷದ ಮೇಲಾಗುತ್ತಿದ್ದ ಕಾಲ ಇತ್ತು. 2013ರ ಏಪ್ರಿಲ್ 1ರಂದು ನಮ್ಮ ಸುಪ್ರೀಂ ಕೋರ್ಟ್ ಆ ಮೂಲ ಕಂಪನಿ ನೊವಾರ್ಟಿಸ್‌ನ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿತು. ಭಾರತದ ಕಂಪನಿಗಳು ಇದೇ ಔಷಧಿಯನ್ನು ತಯಾರಿಸಿ ಅದರ ಸಣ್ಣ ಪಾಲಿನ ಬೆಲೆಗೆ ಮಾರುತ್ತಿವೆ. ಆಪರೇಷನ್ ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ನಿಗದಿತ ದರದ 30 ಶೇಕಡಾ, 1.5 ಲಕ್ಷದ ಮಿತಿಯೊಳಗೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದಾದರೆ ರೇಷನ್ ಕಾರ್ಡ್, ಆಧಾರ್, ಸ್ಕ್ಯಾನಿನ ಸಿ.ಡಿ., ಬಯಾಪ್ಸಿಯ ಸ್ಲೈಡು ಎಲ್ಲ ಮೊದಲ ದಿನವೇ ಜೊತೆಗಿರಲಿ. ಒಂದು ಪ್ರಯಾಣ ಉಳಿಯುತ್ತದೆ.

## ಇನ್ನಷ್ಟು ಆಳದ ಪ್ರಶ್ನೆಗಳು

ನಾನು ನ್ಯೂಜೆರ್ಸಿಲಿದ್ದೀನಿ, ಅಮ್ಮ ಮೈಸೂರಲ್ಲಿ. ಇಲ್ಲಿನ ಡಾಕ್ಟರ್ "ಮ್ಯುಟೇಶನ್ ಏನು" ಅಂತ ಕೇಳ್ತಾರೆ. ಅಲ್ಲಿ ಯಾರೂ ಮಾಡಿಸಿಲ್ಲ. ಅಷ್ಟು ಮುಖ್ಯನಾ?

ಮಾತ್ರೆ ಕೊಡುವುದಾದರೆ ಮುಖ್ಯ. ಮ್ಯುಟೇಶನ್ ಎಂದರೆ ಜೀನ್‌ನಲ್ಲಿ ಆದ ಬದಲಾವಣೆ. ನಾಲ್ಕರಲ್ಲಿ ಮೂರು ಜಿಸ್ಟ್‌ಗಳಲ್ಲಿ ಕಿಟ್ ಜೀನ್ ಕೆಟ್ಟಿರುತ್ತದೆ. ಅದರ 11ನೇ ಎಕ್ಸಾನ್‌ನಲ್ಲಿ (ಎಕ್ಸಾನ್ ಎಂದರೆ ಜೀನ್‌ನ ಒಂದು ತುಂಡು) ದೋಷವಿದ್ದರೆ ಇಮ್ಯಾಟಿನಿಬ್ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. 9ನೇ ಎಕ್ಸಾನ್ ಆಗಿದ್ದು ಕಾಯಿಲೆ ಹರಡಿದ್ದರೆ 800 ಮಿ.ಗ್ರಾಂ. ಬೇಕಾಗಬಹುದು. ಇನ್ನು ಪಿಡಿಜಿಎಫ್‌ಆರ್‌ಎ ಜೀನ್‌ನಲ್ಲಿ ಡಿ842ವಿ ಎಂಬ ದೋಷ ಇದ್ದರೆ ಇಮ್ಯಾಟಿನಿಬ್ ನಾಟುವುದೇ ಇಲ್ಲ. ಆ ದೋಷ ಹೆಚ್ಚಾಗಿ ಕಾಣುವುದು ಜಠರದಲ್ಲೇ. ಮೂರು ವರ್ಷ ಮಾತ್ರೆ ನುಂಗಿಯೂ ಪ್ರಯೋಜನವಿಲ್ಲ. ಅಂಥವರ ಕಾಯಿಲೆ ಹರಡಿದ್ದರೆ ಅವಾಪ್ರಿಟಿನಿಬ್ ಎಂಬ ಬೇರೆಯ ಮಾತ್ರೆಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ.

ಅಮ್ಮನಿಗೆ ಮತ್ತೆ ಚುಚ್ಚಬೇಕಿಲ್ಲ. ಆಪರೇಷನ್ ಆದ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಪ್ಯಾರಾಫಿನ್ ಬ್ಲಾಕ್ ಇರುತ್ತದೆ. ಬೆಂಕಿಪೊಟ್ಟಣದಷ್ಟೂ ಇಲ್ಲದ ಪ್ಲಾಸ್ಟಿಕ್ ಚೌಕಟ್ಟು, ಅದರಲ್ಲಿ ಮೇಣ, ಮೇಣದಲ್ಲಿ ಗಡ್ಡೆಯ ಚೂರು, ಅಂಚಿನಲ್ಲಿ ಒಂದು ನಂಬರ್. ಅರ್ಜಿ ಬರೆದು ಕೇಳಿದರೆ ಕೊಡುತ್ತಾರೆ. ಮ್ಯುಟೇಶನ್ ಪರೀಕ್ಷೆಯನ್ನು ಅದರಿಂದಲೇ ಮಾಡಬಹುದು. ತರುವವರಿಗೆ ಒಂದು ಮಾತು ಹೇಳಿ: ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬಾರದು, ಅದು ಮೇಣ.

ನನ್ನ ಮಗಳಿಗೆ 19 ವರ್ಷ. ಇಷ್ಟು ಚಿಕ್ಕ ವಯಸ್ಸಿಗೆ ಹೇಗೆ?

ಚಿಕ್ಕ ವಯಸ್ಸಿನವರಲ್ಲಿ, ಅದರಲ್ಲೂ ಹುಡುಗಿಯರಲ್ಲಿ, ಜಠರದಲ್ಲಿ ಬರುವ ಜಿಸ್ಟ್ ಹೆಚ್ಚಾಗಿ ಬೇರೆಯದೇ ಜಾತಿ. ಎಸ್‌ಡಿಎಚ್ ಎಂಬ ಕಿಣ್ವ ಇಲ್ಲದ ಗಡ್ಡೆ ಅದು. ಒಂದಕ್ಕಿಂತ ಹೆಚ್ಚು ಗಡ್ಡೆಗಳಿರಬಹುದು, ದುಗ್ಧಗ್ರಂಥಿಗೂ ಹೋಗಬಹುದು, ಆದರೆ ಬೆಳವಣಿಗೆ ನಿಧಾನ. ಇಮ್ಯಾಟಿನಿಬ್ ಅಷ್ಟಾಗಿ ನಾಟದು. ಹಾಗಾಗಿ ಆಪರೇಷನ್‌ನಲ್ಲಿ ಜಠರವನ್ನು ಆದಷ್ಟು ಉಳಿಸಿಕೊಂಡು, ಊದಿದ ಗ್ರಂಥಿಗಳನ್ನು ಮಾತ್ರ ತೆಗೆದು, ವರ್ಷಗಟ್ಟಲೆ ಕಣ್ಣಿಡುತ್ತೇವೆ. ಬಿಪಿ ಏರುಪೇರು ಇದೆಯಾ ನೋಡಿಸಿ. ಬಿಪಿ ಏರಿಸಬಲ್ಲ ಪ್ಯಾರಾಗ್ಯಾಂಗ್ಲಿಯೋಮಾ ಎಂಬ ಇನ್ನೊಂದು ಗಡ್ಡೆ ಕೆಲವರಲ್ಲಿ ಜೊತೆಗಿರುತ್ತದೆ. ಅಮೆರಿಕದ ವೈದ್ಯ ಕಾರ್ನಿ 1977ರಲ್ಲಿ ಈ ಜೋಡಣೆಯನ್ನು ವಿವರಿಸಿದರು. ಈ ಗುಂಪಿನಲ್ಲಿ ಮನೆತನದಲ್ಲಿ ಹರಿದು ಬರುವ ಬಗೆಯೂ ಇರುವುದರಿಂದ ಜೆನೆಟಿಕ್ ಕೌನ್ಸೆಲಿಂಗ್ ಮಾಡಿಸಿ. ವಯಸ್ಸಾದವರ ಸಾಮಾನ್ಯ ಜಿಸ್ಟ್ ಅವರಿಂದ ಅವರ ಮಕ್ಕಳಿಗೆ ಹರಿದು ಬರುವ ಕಾಯಿಲೆ ಅಲ್ಲ.

ಮೂರು ತಿಂಗಳ ಸ್ಕ್ಯಾನಲ್ಲಿ ಗಡ್ಡೆ ಅರ್ಧ ಸೆಂಟಿಮೀಟರ್ ದೊಡ್ಡದಾಗಿದೆ. ಮಾತ್ರೆ ಫೇಲ್ ಆಯ್ತಾ?

ಆಗಿರಲೇಬೇಕೆಂದಿಲ್ಲ. ಮಾತ್ರೆ ನಾಟಿದಾಗ ಗಡ್ಡೆಯ ಒಳಗಿನ ಕೋಶಗಳು ಸತ್ತು ಅದು ನೀರು ತುಂಬಿದ ಚೀಲದಂತಾಗುತ್ತದೆ, ಕೆಲವೊಮ್ಮೆ ಸ್ವಲ್ಪ ಊದುತ್ತದೆ. ಅದಕ್ಕೇ ನಾವು ಸಾಂದ್ರತೆಯನ್ನೂ ನೋಡುತ್ತೇವೆ. ಚೋಯ್ ಮಾನದಂಡದ ಪ್ರಕಾರ ಗಾತ್ರ 10 ಶೇಕಡಾ ಇಳಿದರೂ ಸರಿ, ಸಾಂದ್ರತೆ 15 ಶೇಕಡಾ ಇಳಿದರೂ ಸರಿ, ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ. ಹಳೆಯ ಸ್ಕ್ಯಾನನ್ನೂ ಹೊಸದನ್ನೂ ಒಬ್ಬರೇ ರೇಡಿಯಾಲಜಿಸ್ಟ್ ಪಕ್ಕಪಕ್ಕ ಇಟ್ಟು ನೋಡುವಂತೆ ಮಾಡಿ.

ಇಮ್ಯಾಟಿನಿಬ್ ನಿಜವಾಗಿಯೂ ಕೈಕೊಟ್ರೆ?

ಸುನಿಟಿನಿಬ್, ಆಮೇಲೆ ರೆಗೊರಾಫೆನಿಬ್, ಆಮೇಲೆ ರಿಪ್ರೆಟಿನಿಬ್ ಎಂಬ ಸರದಿ ಇದೆ. ಎಲ್ಲ ಗಡ್ಡೆಗಳೂ ಸುಮ್ಮನಿದ್ದು ಒಂದೇ ಒಂದು ಬೆಳೆಯುತ್ತಿದ್ದರೆ ಅದೊಂದನ್ನು ಆಪರೇಷನ್ ಮಾಡಿ ತೆಗೆದು ಹಳೆಯ ಮಾತ್ರೆಯನ್ನೇ ಮುಂದುವರಿಸುವುದೂ ಉಂಟು.

ಅಪ್ಪನಿಗೆ ಹೇಳ್ಬೇಡಿ ಅಂತ ಮನೆಯವರೆಲ್ಲ ಅಂತಾರೆ. ನೀವೇನಂತೀರಿ?

ಹೇಳಿ. ಮೂರು ವರ್ಷ ದಿನಾ ನುಂಗಬೇಕಾದ ಮಾತ್ರೆಯನ್ನು "ಗ್ಯಾಸಿನ ಮಾತ್ರೆ" ಎಂದು ಕೊಟ್ಟರೆ, ಗ್ಯಾಸ್ ಕಡಿಮೆಯಾದ ದಿನ ಅವರು ಅದನ್ನು ಬಿಡುತ್ತಾರೆ. ಬೇಕಾದರೆ ನಾನು ಪಕ್ಕದಲ್ಲಿ ಕೂತು ಹೇಳುತ್ತೇನೆ. ಹೆಚ್ಚಿನ ಹಿರಿಯರು ಮಕ್ಕಳಿಗಿಂತ ಗಟ್ಟಿಯಾಗಿ ಕೇಳಿಸಿಕೊಳ್ಳುತ್ತಾರೆ.

ಅತ್ತೆಗೆ 1996ರಲ್ಲಿ ಜಠರದ ಗಡ್ಡೆ ತೆಗೆದಿದ್ರು, "ಲಿಯೋಮಯೋಸಾರ್ಕೋಮಾ" ಅಂತ ಇತ್ತು. ಈಗ ಲಿವರ್‌ನಲ್ಲಿ ಗಂಟು ಬಂದಿದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇರಬಹುದು. 1998ಕ್ಕೆ ಮೊದಲು ಕಿಟ್ ಪರೀಕ್ಷೆ ಬಳಕೆಯಲ್ಲಿ ಇರಲಿಲ್ಲ. ಆ ಕಾಲದಲ್ಲಿ ಜಠರದ ಲಿಯೋಮಯೋಸಾರ್ಕೋಮಾ, ಲಿಯೋಮಯೋಬ್ಲಾಸ್ಟೋಮಾ ಎಂದು ಬರೆದ ಗಡ್ಡೆಗಳಲ್ಲಿ ಬಹುಪಾಲು ಇಂದಿನ ಲೆಕ್ಕದಲ್ಲಿ ಜಿಸ್ಟ್. ಜಿಸ್ಟ್ ಇಪ್ಪತ್ತು ವರ್ಷದ ಮೇಲೂ ಮರಳಿದ್ದುಂಟು. ಲಿವರ್‌ನ ಗಂಟಿಗೆ ಸೂಜಿ ಹಾಕಿ, ಸಿಡಿ117 ಮತ್ತು ಡಾಗ್1 ಬಣ್ಣ ಹಾಕಿಸಿ. ಅದರ ಜೊತೆಗೆ ಹಳೆಯ ಬ್ಲಾಕ್ ಸಿಗುತ್ತದಾ ವಿಚಾರಿಸಿ. ಕೆಲವು ಕಾಲೇಜು ಆಸ್ಪತ್ರೆಗಳು ದಶಕಗಟ್ಟಲೆ ಇಟ್ಟಿರುತ್ತವೆ. ಅತ್ತೆಯ ಹಳೆಯ ಡಿಸ್ಚಾರ್ಜ್ ಚೀಟಿ ಬೀರುವಿನಲ್ಲಿ ಇದ್ದರೆ ಅದರೊಳಗಿನ ಪೆಥಾಲಜಿ ರಿಪೋರ್ಟ್ ಹುಡುಕಿ. ಸಾಮಾನ್ಯವಾಗಿ ಮೇಲಿನ ಮೂಲೆಯಲ್ಲಿ ಒಂದು ಓರೆಗೆರೆಯ ಆಚೆ 96 ಎಂದು ಕೊನೆಯಾಗುವ ನಂಬರ್ ಇರುತ್ತದೆ, ಬ್ಲಾಕ್ ಹುಡುಕಲು ಬೇಕಾದದ್ದು ಅದೇ. ಅದನ್ನು ಫೋಟೋ ತೆಗೆದು, ಅದೇ ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ತಗೊಂಡು ಹೋಗಿ.